ಕಳ್ಳರಿಗಿಂತ ಮೊದಲೇ ಬಂದಿದ್ದ ಕಾಗದ

2025ರ ಡಿಸೆಂಬರ್ 23ರಂದು ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದ ಗೋಡೆಗೆ, ಸೇನ್ ನದಿಯ ಕಡೆಯಿಂದ, ಒಂದು ಯಾಂತ್ರಿಕ ಏಣಿ ಬಂದು ಒರಗಿತು. ಹಳೆಯ ಮನೆಗಳ ಮೆಟ್ಟಿಲು ತೀರ ಕಿರಿದಾಗಿರುವ ಆ ಊರಿನಲ್ಲಿ ಮಂಚ, ಬೀರುಗಳನ್ನು ಕಿಟಕಿಯ ಮೂಲಕ ಮೇಲಿನ ಮಹಡಿಗೆ ಸಾಗಿಸಲು ಬಳಸುವ ಏಣಿ ಅದು. ಕೆಲಸಗಾರರು ಅದರ ನೆರವಿನಿಂದ ಒಂದು ಕಿಟಕಿಗೆ ಕಬ್ಬಿಣದ ಸರಳುಗಳನ್ನು ಕೂರಿಸಿದರು. ಎರಡು ತಿಂಗಳ ಹಿಂದೆ, ಅಕ್ಟೋಬರ್ 19ರ ಭಾನುವಾರ, ಅಂಥದೇ ಏಣಿ ಅದೇ ಕಿಟಕಿಗೆ ಬಂದಿತ್ತು. ಅಂದು ಅದರ ಮೇಲಿದ್ದವರು ಕಳ್ಳರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ನಮ್ಮ ಗಾದೆಗೆ ಇದಕ್ಕಿಂತ ಅಚ್ಚುಕಟ್ಟಾದ ಚಿತ್ರ ಸಿಗಲಾರದು.

ಕಳ್ಳತನದ ವಿವರ ಬಹುಮಂದಿಗೆ ಗೊತ್ತು. ಮ್ಯೂಸಿಯಂ ಬಾಗಿಲು ತೆರೆದು ಅರ್ಧ ಗಂಟೆ ಕಳೆದಿತ್ತು, ಒಳಗೆ ಪ್ರೇಕ್ಷಕರಿದ್ದರು. ರಸ್ತೆ ಕಾಮಗಾರಿಯವರಂತೆ ಹಳದಿ ಅಂಗಿ ತೊಟ್ಟ ತಂಡವೊಂದು ಲಾರಿ ನಿಲ್ಲಿಸಿ ಏಣಿ ಎತ್ತಿತು. ಇಬ್ಬರು ಮೇಲೇರಿ, ಕಟ್ಟರ್ ಯಂತ್ರದಿಂದ ಕಿಟಕಿ ಕೊಯ್ದು, ಅಪೊಲೊ ಗ್ಯಾಲರಿಯೊಳಗೆ ನುಗ್ಗಿ, ಎರಡು ಗಾಜಿನ ಪೆಟ್ಟಿಗೆಗಳನ್ನು ಒಡೆದರು. ಒಳಗಿದ್ದದ್ದು ನಾಲ್ಕು ನಿಮಿಷಕ್ಕೂ ಕಡಿಮೆ. ಎಂಟು ಒಡವೆಗಳು ಹೋದವು. ಸರ್ಕಾರಿ ವಕೀಲರು ಹೇಳಿದ ಬೆಲೆ 8 ಕೋಟಿ 80 ಲಕ್ಷ ಯೂರೊ. ಒಂಬತ್ತನೆಯದಾದ ಮಹಾರಾಣಿ ಯೂಜನಿಯ ಕಿರೀಟ ಓಡುವಾಗ ಕೈಜಾರಿ ಬಿದ್ದು ಜಜ್ಜಿಹೋಯಿತು. ಏಣಿ ತಯಾರಿಸಿದ ಜರ್ಮನ್ ಕಂಪನಿ ಕೆಲವೇ ದಿನಗಳಲ್ಲಿ ಈ ಘಟನೆಯನ್ನೇ ತನ್ನ ಜಾಹೀರಾತು ಮಾಡಿಕೊಂಡಿತು. ಇಡೀ ಪ್ರಸಂಗದಲ್ಲಿ ಚುರುಕಾಗಿ ಕೆಲಸ ಮಾಡಿದ ಸಂಸ್ಥೆ ಅದೊಂದೇ ಎನ್ನಬೇಕು.

ಸಿನಿಮೀಯವೆನಿಸುವ ಈ ಭಾಗವನ್ನು ಪತ್ರಿಕೆಗಳು ತಿಂಗಳುಗಟ್ಟಲೆ ಬರೆದವು. ನನ್ನ ಕುತೂಹಲ ಬೇರೆ ಕಡೆ ಇದೆ. ಆ ಬಾಲ್ಕನಿಗೆ ಹೊರಗಿನಿಂದ ಏಣಿ ಹಾಕಿ ಹತ್ತಬಹುದು ಎಂದು ಆಭರಣ ಕಂಪನಿಯೊಂದರ ಭದ್ರತಾ ತಜ್ಞರು 2019ರ ಹೊತ್ತಿಗೇ ಪರಿಶೀಲಿಸಿ ಬರೆದುಕೊಟ್ಟಿದ್ದರು. ಘಟನೆಯ ಬಳಿಕ ಫ್ರಾನ್ಸ್‌ನ ಸೆನೆಟ್ ಮುಂದೆ ತನಿಖಾಧಿಕಾರಿಗಳು ಇದನ್ನು ಬಿಚ್ಚಿಟ್ಟಾಗ ತಿಳಿದ ಇನ್ನೊಂದು ಸಂಗತಿ: 2021ರಲ್ಲಿ ನಿರ್ದೇಶಕರು ಬದಲಾದಾಗ ಆ ವರದಿ ಹೊಸಬರ ಕೈ ಸೇರಿರಲಿಲ್ಲ. 2014ರಲ್ಲಿ ಫ್ರಾನ್ಸ್‌ನ ಸೈಬರ್ ಭದ್ರತಾ ಸಂಸ್ಥೆ ತಪಾಸಣೆ ನಡೆಸಿದಾಗ ಕ್ಯಾಮೆರಾ ವ್ಯವಸ್ಥೆಯ ಪಾಸ್‌ವರ್ಡ್ ‘ಲೂವ್ರ್’ ಎಂದೇ ಇತ್ತು ಎನ್ನುವುದೂ ಹೊರಬಿತ್ತು. ಅಂದರೆ ಕಳ್ಳರಿಗಿಂತ ಎಷ್ಟೋ ವರ್ಷ ಮೊದಲೇ ಕಾಗದ ಬಂದಿತ್ತು. ಅದು ಕಡತ ಸೇರಿತ್ತು, ಕಡತ ಬೀರು ಸೇರಿತ್ತು.

ದೊಡ್ಡ ಸಾರ್ವಜನಿಕ ಮ್ಯೂಸಿಯಂಗಳ ಇತ್ತೀಚಿನ ದುರಂತಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಪ್ರತಿಯೊಂದರ ಹಿಂದೆಯೂ ಇಂಥದೊಂದು ಕಾಗದ ಸಿಗುತ್ತದೆ. ಆಡಳಿತ, ಉತ್ತರದಾಯಿತ್ವ ಎಂಬ ಭಾರದ ಪದಗಳನ್ನು ನಾನು ಈ ಕಾಗದದ ಅಳತೆಯಲ್ಲೇ ನೋಡುತ್ತೇನೆ. ಎಚ್ಚರಿಕೆ ಬಂದಾಗ ಅದು ಯಾರ ಮೇಜಿಗೆ ಹೋಗುತ್ತದೆ? ಅವರು ಯಾರಿಗೆ, ಎಷ್ಟು ದಿನದೊಳಗೆ ಉತ್ತರ ಕೊಡಬೇಕು? ಕೊಡದಿದ್ದರೆ ಏನಾಗುತ್ತದೆ?

ಲೂವ್ರ್‌ನ ವಿಷಯದಲ್ಲಿ ಇದಕ್ಕೆ ಸಿಕ್ಕ ಉತ್ತರ ಲೆಕ್ಕಪತ್ರದಲ್ಲಿದೆ. ಫ್ರಾನ್ಸ್‌ನ ಲೆಕ್ಕಪರಿಶೋಧನಾ ನ್ಯಾಯಾಲಯ (ನಮ್ಮ ಸಿಎಜಿಗೆ ಹತ್ತಿರದ ಸಂಸ್ಥೆ) 2025ರ ನವೆಂಬರ್ 6ರಂದು ಪ್ರಕಟಿಸಿದ ವರದಿ 2018ರಿಂದ 2024ರವರೆಗಿನ ವೆಚ್ಚವನ್ನು ಜಾಲಾಡಿತ್ತು. ಆ ಅವಧಿಯಲ್ಲಿ ಹೊಸ ಕಲಾಕೃತಿಗಳ ಖರೀದಿಗೆ ಹೋದದ್ದು ಸುಮಾರು 10 ಕೋಟಿ 54 ಲಕ್ಷ ಯೂರೊ. ಕಟ್ಟಡದ ನಿರ್ವಹಣೆ ಮತ್ತು ಸುರಕ್ಷತಾ ನಿಯಮಗಳ ಪಾಲನೆಗೆ ಸಿಕ್ಕಿದ್ದು 2 ಕೋಟಿ 67 ಲಕ್ಷ. 2024ರಲ್ಲಿ ಕ್ಯಾಮೆರಾ ಇದ್ದ ಕೊಠಡಿಗಳು ಶೇಕಡಾ 39 ಮಾತ್ರ. ಭದ್ರತಾ ಸಾಧನಗಳ ನವೀಕರಣ ಯೋಜನೆ ಮುಗಿಯುವುದು 2032ಕ್ಕೆ. ಖರೀದಿಸಿದ ಕೃತಿಗಳಲ್ಲಾದರೂ ಪ್ರದರ್ಶನಕ್ಕೆ ಬಂದದ್ದು ನಾಲ್ಕರಲ್ಲಿ ಒಂದು.

ಇದನ್ನು ನಿರ್ದೇಶಕರೊಬ್ಬರ ಶೋಕಿ ಎಂದು ಬಗೆಯುವುದು ಸುಲಭ. ಆದರೆ ಟಿಕೆಟ್ ಆದಾಯದ ಶೇಕಡಾ 20ರಷ್ಟನ್ನು ಖರೀದಿಗೇ ಮೀಸಲಿಡಬೇಕೆಂದು ಲೂವ್ರ್‌ನ ನಿಯಮವೇ ಹೇಳುತ್ತದೆ. ನಿರ್ವಹಣೆಗೆ ಅಂಥ ಮೀಸಲು ಇಲ್ಲ. ಸಂಸ್ಥೆಯ ಮೂಲ ಕಟ್ಟಳೆಯಲ್ಲೇ ಒಂದು ಕಡೆ ತಕ್ಕಡಿ ವಾಲಿರುವಾಗ ಮೇಲೆ ಕೂತವರು ಯಾರಾದರೂ ಅದು ವಾಲಿದ ಕಡೆಗೇ ಜಾರುತ್ತಾರೆ. ಪರಿಶೋಧಕರು ಆ ನಿಯಮವನ್ನೇ ತೆಗೆದುಹಾಕಿ ಎಂದು ಶಿಫಾರಸು ಮಾಡಿದರು. ವರದಿಯಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಕ್ಯಾಮೆರಾ ಲೆಕ್ಕಕ್ಕಿಂತ ಈ ಒಂದು ಸಾಲು. ಹೊಸ ಚಿತ್ರ ತಂದರೆ ಸಚಿವರು ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಹೊಸ ನೀರಿನ ಕೊಳವೆಯ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡ ಸಚಿವರನ್ನು ನಾನಂತೂ ನೋಡಿಲ್ಲ. ಕೊಳವೆಯ ಮಾತು ಸುಮ್ಮನೆ ಬಂದದ್ದಲ್ಲ. ಕಳ್ಳತನವಾಗಿ ಆರು ವಾರ ಕಳೆಯುವಷ್ಟರಲ್ಲಿ, ನವೆಂಬರ್ 26ರಂದು, ಲೂವ್ರ್‌ನ ಈಜಿಪ್ಟ್ ವಿಭಾಗದ ಗ್ರಂಥಾಲಯದಲ್ಲಿ ಹಳೆಯ ಕೊಳವೆಯಿಂದ ನೀರು ಸೋರಿ ಮುನ್ನೂರು, ನಾನೂರು ಪ್ರಕಟಣೆಗಳು ತೊಯ್ದುಹೋದವು. ಆ ಕೊಳವೆಗಳು ಹಾಳಾಗಿವೆ ಎಂಬುದೂ ಗೊತ್ತಿದ್ದ ವಿಷಯವೇ. ಬದಲಾಯಿಸುವ ಕಾಮಗಾರಿ 2026ರ ಸೆಪ್ಟೆಂಬರ್‌ಗೆ ನಿಗದಿಯಾಗಿತ್ತು.

ಇನ್ನು ಪ್ರೇಕ್ಷಕರ ಸುರಕ್ಷತೆ. ಕಳ್ಳರು ಯಂತ್ರ ಹಿಡಿದು ಒಳಬಂದಾಗ ಗ್ಯಾಲರಿಯ ಕಾವಲುಗಾರರು ಅವರ ಮೇಲೆ ಬೀಳಲಿಲ್ಲ, ಜನರನ್ನು ಹೊರಗೆ ಕಳಿಸಿದರು. ಇದನ್ನು ಕೇಳಿ ನಕ್ಕವರುಂಟು. ಆದರೆ ನಿಯಮವೇ ಅದು, ಸರಿಯಾದ ನಿಯಮವೂ ಹೌದು. ಒಡವೆ ಹೋದರೆ ಹೋಗಲಿ, ಜೀವ ಹೋಗಬಾರದು. ಅಂದು ಯಾರಿಗೂ ಗಾಯವಾಗಲಿಲ್ಲ. ಈ ನಿಯಮದಿಂದ ಹುಟ್ಟುವ ಒಂದು ಲೆಕ್ಕ ಮಾತ್ರ ಮ್ಯೂಸಿಯಂ ನಡೆಸುವವರ ತಲೆಯಲ್ಲಿ ಸದಾ ಇರಬೇಕು. ಕಾವಲುಗಾರ ಕಳ್ಳನನ್ನು ತಡೆಯುವುದಿಲ್ಲ ಎಂದ ಮೇಲೆ ತಡೆಯುವ ಕೆಲಸ ಗೋಡೆ, ಕಿಟಕಿ ಮತ್ತು ಗಾಜಿನದು. ಪೊಲೀಸರು ಬಂದು ತಲುಪಲು ಎಷ್ಟು ನಿಮಿಷ ಬೇಕೋ ಅದಕ್ಕಿಂತ ಒಂದು ನಿಮಿಷ ಹೆಚ್ಚು ಅವು ತಾಳಬೇಕು. ಸುರಕ್ಷತೆಯೆಂದರೆ ಕೊನೆಗೆ ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸ. ಲೂವ್ರ್‌ನಲ್ಲಿ ಆ ವ್ಯತ್ಯಾಸ ಸುಮಾರು 30 ಸೆಕೆಂಡ್ ಎಂದು ಸೆನೆಟ್‌ಗೆ ತಿಳಿಸಲಾಯಿತು. ಪೊಲೀಸರು ಅಷ್ಟು ಬೇಗ ಬಂದಿದ್ದರೆ ಕಳ್ಳರು ಸಿಕ್ಕಿಬೀಳುತ್ತಿದ್ದರು. ಹೊರಗಿನ ಕ್ಯಾಮೆರಾವೊಂದರಲ್ಲಿ ಅವರು ಕಂಡಿದ್ದರು. ಆದರೆ ನಿಯಂತ್ರಣ ಕೊಠಡಿಯಲ್ಲಿ ಎಲ್ಲ ದೃಶ್ಯಗಳನ್ನೂ ಏಕಕಾಲಕ್ಕೆ ನೋಡುವಷ್ಟು ಪರದೆಗಳಿರಲಿಲ್ಲ.

ಕಳ್ಳರ ಲೆಕ್ಕಾಚಾರ ಬದಲಾಗಿರುವುದನ್ನೂ ಗಮನಿಸಬೇಕು. ಹಿಂದೆಲ್ಲ ವಾರದ ರಜೆಯೇ ಅವರ ಹಬ್ಬ. 1911ರ ಆಗಸ್ಟ್ 21ರಂದು ಇದೇ ಲೂವ್ರ್‌ನಿಂದ ಮೊನಾಲಿಸಾ ಮಾಯವಾದದ್ದು ರಜೆಯ ಸೋಮವಾರ. ಮರುದಿನ ಒಬ್ಬ ಚಿತ್ರಕಾರ ಬಂದು ಖಾಲಿ ಗೋಡೆ ನೋಡಿ ಕೇಳುವವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರ ನೊಬೆಲ್ ಪದಕ ಕಳುವಾದದ್ದು ಬೆಳಕಿಗೆ ಬಂದದ್ದು 2004ರ ಮಾರ್ಚ್ 25ರಂದು, ಬುಧವಾರದ ವಾರದ ರಜೆ ಮುಗಿದ ಮರುದಿನ. ಸಿಬಿಐ ತನಿಖೆ ನಡೆದರೂ ಆ ಪದಕ ಇಂದಿಗೂ ಸಿಕ್ಕಿಲ್ಲ. ನೊಬೆಲ್ ಪ್ರತಿಷ್ಠಾನ ಕಳಿಸಿದ ಪ್ರತಿಕೃತಿಗಳಷ್ಟೇ ಅಲ್ಲಿವೆ. 2024ರ ಸೆಪ್ಟೆಂಬರ್‌ನಲ್ಲಿ ಭೋಪಾಲದ ರಾಜ್ಯ ಮ್ಯೂಸಿಯಂನಲ್ಲಿ ಒಬ್ಬ ಭಾನುವಾರ ಟಿಕೆಟ್ ಕೊಂಡು ಒಳಹೋಗಿ ಅಲ್ಲೇ ಅವಿತು, ಸೋಮವಾರದ ರಜೆಯಲ್ಲಿ ನಾಣ್ಯಗಳನ್ನು ಗುಡ್ಡೆಹಾಕಿಕೊಂಡ. ಅವನನ್ನು ಹಿಡಿದದ್ದು ಅಲಾರಂ ಅಲ್ಲ, ಸಿಬ್ಬಂದಿಯೂ ಅಲ್ಲ. ಎತ್ತರದ ಗೋಡೆ ಹಾರಲು ಹೋಗಿ ಬಿದ್ದು ಕಾಲು ನೋಯಿಸಿಕೊಂಡವನು ಮಂಗಳವಾರ ಬಾಗಿಲು ತೆರೆದಾಗ ಅಲ್ಲೇ ಸಿಕ್ಕ. 2025ರ ಕಳ್ಳರು ಜನರಿರುವ ಹೊತ್ತನ್ನೇ ಆರಿಸಿಕೊಂಡರು. ಜನರನ್ನು ಕಾಪಾಡುವ ನಿಯಮವೇ ಅವರಿಗೆ ಗುರಾಣಿಯಾಯಿತು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಹೊರಗಿನ ಕಳ್ಳರ ಅಗತ್ಯವೇ ಬೀಳಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಆರೋಪ ಅಲ್ಲಿನದು. ಆರೋಪಕ್ಕೊಳಗಾದ ಮಾಜಿ ಸಿಬ್ಬಂದಿ ಅದನ್ನು ಅಲ್ಲಗಳೆದಿದ್ದಾರೆ, ಆ ಚರ್ಚೆ ನ್ಯಾಯಾಲಯಕ್ಕಿರಲಿ. ನಮಗೆ ಬೇಕಾದದ್ದು ಕಾಗದದ ಕಥೆ. 2021ರ ಫೆಬ್ರುವರಿಯಲ್ಲಿ ಡೆನ್ಮಾರ್ಕ್‌ನ ಒಬ್ಬ ಪ್ರಾಚೀನ ವಸ್ತು ವ್ಯಾಪಾರಿ, ನಿಮ್ಮ ಸಂಗ್ರಹದ ಕೆತ್ತನೆಯ ಹರಳುಗಳು ಅಂತರ್ಜಾಲದಲ್ಲಿ ಮಾರಾಟವಾಗುತ್ತಿವೆ ಎಂದು ಪುರಾವೆ ಸಹಿತ ಮ್ಯೂಸಿಯಂಗೆ ಬರೆದರು. ಸಾವಿರಾರು ಪೌಂಡ್ ಬೆಲೆಬಾಳುವ ವಸ್ತುವನ್ನು 40 ಪೌಂಡ್‌ಗೆ ಮಾರಾಟಕ್ಕಿಟ್ಟಿದ್ದ ನಿದರ್ಶನ ಆಮೇಲೆ ವರದಿಯಾಯಿತು. ಜುಲೈನಲ್ಲಿ ಮ್ಯೂಸಿಯಂ ಕೊಟ್ಟ ಉತ್ತರ: ವಿಚಾರಿಸಿದ್ದೇವೆ, ಏನೂ ಆಗಿಲ್ಲ. ವ್ಯಾಪಾರಿ ಬಿಡಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಟ್ರಸ್ಟಿಗಳ ಅಧ್ಯಕ್ಷ ಜಾರ್ಜ್ ಆಸ್ಬೋರ್ನ್ ಅವರಿಗೇ ಬರೆದರು. ಸುದ್ದಿ ಸಾರ್ವಜನಿಕವಾದದ್ದು 2023ರ ಆಗಸ್ಟ್ 16ರಂದು. ಹತ್ತು ದಿನ ಕಳೆಯುವ ಮೊದಲೇ ನಿರ್ದೇಶಕ ಹಾರ್ಟ್‌ವಿಗ್ ಫಿಷರ್ ರಾಜೀನಾಮೆ ಕೊಟ್ಟರು. ಕಾಣೆಯಾದ ಮತ್ತು ಹಾನಿಗೊಂಡ ವಸ್ತುಗಳು ಸುಮಾರು ಎರಡು ಸಾವಿರ.

ಬ್ರಿಟಿಷ್ ಮ್ಯೂಸಿಯಂನ ಆಡಳಿತ ವ್ಯವಸ್ಥೆ ಕಾಗದದ ಮೇಲೆ ಬಹಳ ಭದ್ರ. 1963ರ ಕಾಯ್ದೆ, ಗರಿಷ್ಠ 25 ಟ್ರಸ್ಟಿಗಳು, ಅವರಲ್ಲಿ 15 ಮಂದಿ ಪ್ರಧಾನಿಯ ಆಯ್ಕೆ, ಉಳಿದವರಲ್ಲಿ ವಿದ್ವತ್ ಸಂಸ್ಥೆಗಳು ಸೂಚಿಸಿದವರು, ಟ್ರಸ್ಟಿಗಳೇ ಆರಿಸಿಕೊಂಡವರು. ಸರ್ಕಾರದಿಂದ ಒಂದು ಮಾರು ದೂರವಿರಲಿ ಎಂಬುದು ಉದ್ದೇಶ. ಆದರೂ ದೂರು ಹೋದದ್ದು ಯಾರ ಉಸ್ತುವಾರಿಯ ಮೇಲೆ ದೂರೋ ಅದೇ ಆಡಳಿತದ ಮೇಜಿಗೆ. ಟ್ರಸ್ಟಿಗಳವರೆಗೆ ಅದು ಏರಲು ಒಂದೂವರೆ ವರ್ಷ ಬೇಕಾಯಿತು, ಅದೂ ಹೊರಗಿನವರೊಬ್ಬರ ಹಟದಿಂದ. ಇಪ್ಪತ್ತೈದು ಗಣ್ಯರ ಮಂಡಳಿಗಿಂತ, ದೂರು ನಿರ್ದೇಶಕರನ್ನು ದಾಟಿ ಮಂಡಳಿಗೆ ನೇರ ತಲುಪುವ ಒಂದು ದಾರಿ ಇದ್ದಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು. ಇನ್ನೂ ಬೇಸರದ ಸಂಗತಿಯೆಂದರೆ, ಹೋದ ವಸ್ತುಗಳಲ್ಲಿ ಬಹಳಷ್ಟರ ಸರಿಯಾದ ದಾಖಲೆಯೇ ಇರಲಿಲ್ಲ. ಎಂಬತ್ತು ಲಕ್ಷದ ಸಂಗ್ರಹದಲ್ಲಿ ಪಟ್ಟಿಗೆ ಸೇರದ ವಸ್ತು ಹೋದರೆ, ಹೋಯಿತು ಎಂದು ಹೇಳಲೂ ಆಧಾರ ಬೇಕಲ್ಲ! ಇಡೀ ಸಂಗ್ರಹವನ್ನು ಐದು ವರ್ಷಗಳಲ್ಲಿ ಡಿಜಿಟಲ್ ದಾಖಲೆಗೆ ತರುತ್ತೇವೆಂದು ಮ್ಯೂಸಿಯಂ ಘೋಷಿಸಿದ್ದು ಕಳವಿನ ಬಳಿಕ.

ಬ್ರೆಜಿಲ್‌ನ ರಿಯೊ ಡಿ ಜನೈರೊದ ರಾಷ್ಟ್ರೀಯ ಮ್ಯೂಸಿಯಂಗೆ ಕಳ್ಳರೂ ಬೇಕಾಗಲಿಲ್ಲ, ಒಂದು ಹವಾನಿಯಂತ್ರಕ ಯಂತ್ರ ಸಾಕಾಯಿತು. 1818ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯಲ್ಲಿ ಸುಮಾರು ಎರಡು ಕೋಟಿ ವಸ್ತುಗಳಿದ್ದವು. 2018ರ ಸೆಪ್ಟೆಂಬರ್ 2ರ ಭಾನುವಾರ ರಾತ್ರಿ ಹತ್ತಿದ ಬೆಂಕಿ ಬಹುಪಾಲನ್ನು ತಿಂದುಹಾಕಿತು. ನೆಲ ಅಂತಸ್ತಿನ ಸಭಾಂಗಣದ ಹವಾನಿಯಂತ್ರಕವೇ ಮೂಲ ಎಂದು ಪೊಲೀಸರು ತೀರ್ಮಾನಿಸಿದರು. ಅಗ್ನಿಶಾಮಕ ದಳ ಬಂದಾಗ ಹತ್ತಿರದ ನೀರಿನ ನಲ್ಲಿಗಳು ಒಣಗಿದ್ದವು. ಟ್ಯಾಂಕರ್ ತರಿಸಬೇಕಾಯಿತು, ಕೆರೆಯಿಂದ ನೀರು ಎತ್ತಬೇಕಾಯಿತು. ಆ ಕಟ್ಟಡಕ್ಕೆ ಬೆಂಕಿ ಬೀಳುವ ಅಪಾಯವಿದೆ ಎಂದು ರಿಯೊ ರಾಜ್ಯದ ಇಂಧನ ಇಲಾಖೆಯ ಮುಖ್ಯಸ್ಥರು ಹೇಳಿದ್ದು 2004ರಲ್ಲಿ. ಮ್ಯೂಸಿಯಂ ಇದ್ದದ್ದು ಅಲ್ಲಿನ ಕೇಂದ್ರೀಯ ವಿಶ್ವವಿದ್ಯಾಲಯದ ಅಡಿಯಲ್ಲಿ. ವಿಶ್ವವಿದ್ಯಾಲಯ ಶಿಕ್ಷಣ ಸಚಿವಾಲಯವನ್ನು ತೋರಿಸುತ್ತಿತ್ತು, ಸಚಿವಾಲಯ ಬಜೆಟ್ ಕಡಿತವನ್ನು ತೋರಿಸುತ್ತಿತ್ತು. ಇನ್ನೂರನೆಯ ಹುಟ್ಟುಹಬ್ಬದಂದು, 2018ರ ಜೂನ್‌ನಲ್ಲಿ, ಬೆಂಕಿ ತಡೆ ವ್ಯವಸ್ಥೆಯೂ ಸೇರಿದಂತೆ ದುರಸ್ತಿಗೆ 2 ಕೋಟಿ 17 ಲಕ್ಷ ರಿಯಲ್ (ಬ್ರೆಜಿಲ್‌ನ ಹಣ) ಕೊಡುವ ಒಪ್ಪಂದಕ್ಕೆ ಕೊನೆಗೂ ಸಹಿ ಬಿತ್ತು. ಹಣ ಬರುವ ಮೊದಲು ಬೆಂಕಿ ಬಂತು.

ವಿಚಿತ್ರವೆಂದರೆ ಅದೇ ರಾತ್ರಿ ಇತ್ತ ಹೈದರಾಬಾದಿನಲ್ಲಿ ಇಬ್ಬರು ನಿಜಾಮರ ಮ್ಯೂಸಿಯಂನ ಗಾಳಿಕಿಂಡಿಯಿಂದ ಹಗ್ಗ ಹಿಡಿದು ಇಳಿದು ಚಿನ್ನದ ಟಿಫಿನ್ ಡಬ್ಬಿ ಒಯ್ದಿದ್ದರು. ಹತ್ತು ದಿನದೊಳಗೆ ಸಿಕ್ಕಿಬಿದ್ದರು. ಅಷ್ಟರೊಳಗೆ ಒಬ್ಬ ಆ ಡಬ್ಬಿಯಲ್ಲಿ ಊಟವನ್ನೂ ಮಾಡಿದ್ದನೆಂದು ಪತ್ರಿಕೆಗಳು ಬರೆದವು. ಆ ಮ್ಯೂಸಿಯಂ ಟ್ರಸ್ಟ್ ಒಂದರದು, ಸರ್ಕಾರದ್ದಲ್ಲ. ಹಾಗಾಗಿ ನಮ್ಮ ಸಾರ್ವಜನಿಕ ಮ್ಯೂಸಿಯಂಗಳ ಕಡೆಗೆ ತಿರುಗೋಣ.

ದಿಲ್ಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಮ್ಯೂಸಿಯಂ ಸುಟ್ಟದ್ದು ರಿಯೊಗಿಂತ ಎರಡು ವರ್ಷ ಮೊದಲು, 2016ರ ಏಪ್ರಿಲ್ 26ರ ನಸುಕಿಗೆ ಮುಂಚೆ. ಮೈಸೂರಿನ ಕಾರಂಜಿ ಕೆರೆಯ ದಡದ ಪ್ರಾದೇಶಿಕ ಮ್ಯೂಸಿಯಂ ಅದೇ ಸಂಸ್ಥೆಯ ಕೊಂಬೆಯಾದ್ದರಿಂದ ನಮ್ಮಲ್ಲಿ ಕೆಲವರಿಗೆ ಅದರ ಪರಿಚಯವಿದೆ. 1978ರಲ್ಲಿ ಶುರುವಾದ ಆ ರಾಷ್ಟ್ರೀಯ ಸಂಸ್ಥೆ ನಲವತ್ತು ವರ್ಷಗಳ ಹತ್ತಿರ ಬಾಡಿಗೆ ಕಟ್ಟಡದಲ್ಲೇ ಇತ್ತು. ವಾಣಿಜ್ಯ ಮಂಡಳಿಯೊಂದರ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಹೊತ್ತಿದ ಬೆಂಕಿ ಕೆಳಕ್ಕಿಳಿಯಿತು. ಕಟ್ಟಡದ ಅಗ್ನಿಶಾಮಕ ವ್ಯವಸ್ಥೆ ಕೆಲಸ ಮಾಡುತ್ತಿರಲಿಲ್ಲ ಎಂದು ದಳದ ಅಧಿಕಾರಿಗಳು ಅಂದೇ ಹೇಳಿದರು. ಆರು ಮಂದಿ ಅಗ್ನಿಶಾಮಕ ಸಿಬ್ಬಂದಿ ಆಸ್ಪತ್ರೆ ಸೇರಿದರು. ಹೊತ್ತು ರಾತ್ರಿಯಾದದ್ದು ಭಾಗ್ಯ. ಹಗಲಾಗಿದ್ದರೆ ಆ ಮೆಟ್ಟಿಲುಗಳ ಮೇಲೆ ಸಾಲುಗಟ್ಟಿ ನಿಂತಿರುತ್ತಿದ್ದವರು ಶಾಲಾ ಮಕ್ಕಳು. ಬಾಡಿಗೆ ಮನೆಯಲ್ಲಿ ಸೋರುವ ನಲ್ಲಿ ಯಾರ ಹೊಣೆ ಎಂಬ ಜಗಳ ನಮಗೆಲ್ಲ ಗೊತ್ತಿರುವಂಥದೇ. ಆ ಜಗಳವನ್ನು ಒಂದು ರಾಷ್ಟ್ರೀಯ ಸಂಗ್ರಹದ ಮಟ್ಟಕ್ಕೆ ಏರಿಸಿ ನೋಡಿ. ಬೆಂಕಿಯ ಬಳಿಕ ಪರಿಸರ ಸಚಿವರು ತಮ್ಮ ಸಚಿವಾಲಯಕ್ಕೆ ಸಂಬಂಧಿಸಿದ ಮ್ಯೂಸಿಯಂಗಳ ಅಗ್ನಿ ಸುರಕ್ಷತಾ ತಪಾಸಣೆಗೆ ಆದೇಶಿಸಿದರು. 2017ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮ್ಯೂಸಿಯಂಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ಒಳ್ಳೆಯ ಪುಸ್ತಕ ಅದು. ಎಷ್ಟು ಮ್ಯೂಸಿಯಂಗಳ ಕಪಾಟಿನಿಂದ ಅದು ಹೊರಬಂದಿದೆ ಎಂಬುದು ಬೇರೆ ಮಾತು.

ಅವಸರದ ಉದ್ಘಾಟನೆಯೂ ಒಂದು ಅಪಾಯವೇ. ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ 1814ರಲ್ಲಿ ಸ್ಥಾಪನೆಯಾದದ್ದು, ದೇಶದಲ್ಲೇ ಹಳೆಯದು. ಇನ್ನೂರನೆಯ ವರ್ಷದ ಸಮಾರಂಭಕ್ಕೆ ಪ್ರಧಾನಿ ಬರುವವರಿದ್ದರು. ಅದಕ್ಕಾಗಿ ತಿಂಗಳುಗಟ್ಟಲೆ ಬಾಗಿಲು ಮುಚ್ಚಿ ನವೀಕರಣ ನಡೆಯುತ್ತಿದ್ದಾಗ, 2013ರ ಡಿಸೆಂಬರ್‌ನಲ್ಲಿ, ಬಿಹಾರದ ರಾಮಪುರ್ವಾದ ಸ್ತಂಭದ ಸಿಂಹ ಶಿಖರವನ್ನು ಸಾಗಿಸುವಾಗ ಅದಕ್ಕೆ ಪೆಟ್ಟಾಯಿತು. ಅಶೋಕನ ಕಾಲದ ಶಿಲ್ಪ. ಎರಡು ಸಾವಿರದ ಇನ್ನೂರು ವರ್ಷ ತಾಳಿದ್ದು ಉದ್ಘಾಟನೆಯ ದಿನಾಂಕಕ್ಕೆ ತಾಳಲಿಲ್ಲ. ಆ ಮ್ಯೂಸಿಯಂನ ಟ್ರಸ್ಟಿಗಳ ಮಂಡಳಿಗೆ ರಾಜ್ಯಪಾಲರೇ ಅಧ್ಯಕ್ಷರು, ಹಣ ಕೊಡುವುದು ಕೇಂದ್ರದ ಸಂಸ್ಕೃತಿ ಸಚಿವಾಲಯ, ದಿನನಿತ್ಯದ ಆಡಳಿತ ನಿರ್ದೇಶಕರದು. ತಪ್ಪಾದಾಗ ಬೆರಳು ಯಾವ ಕಡೆ ತಿರುಗಬೇಕು ಎಂದು ಈ ನಕ್ಷೆ ನೋಡಿ ಹೇಳುವುದು ಕಷ್ಟ. ದಿಲ್ಲಿಯ ರಾಷ್ಟ್ರೀಯ ಮ್ಯೂಸಿಯಂದು ಇನ್ನೊಂದು ಬಗೆ. ಅದು ಸಚಿವಾಲಯದ ಅಧೀನ ಕಚೇರಿ. ಅಲ್ಲಿ ಹೊಣೆಯ ದಾರಿ ನೇರ, ಆದರೆ ಆ ದಾರಿಯಲ್ಲಿ ಬಲ್ಬ್ ಬದಲಿಸಲೂ ಕಡತ ನಡೆಯಬೇಕು.

ಮಹಾಲೇಖಪಾಲರ (ಸಿಎಜಿ) 2013ರ ವರದಿಯನ್ನು ಜನ ನೆನಪಿಟ್ಟಿರುವುದು ಅದರ ಒಂದು ಅಂಕಿಗಾಗಿ. ಪರಿಶೀಲಿಸಿದ 1,655 ಸ್ಮಾರಕಗಳಲ್ಲಿ 92 ಸ್ಥಳದಲ್ಲಿ ಇರಲೇ ಇಲ್ಲ! ಈ ಗದ್ದಲದಲ್ಲಿ ಅದೇ ವರದಿ ಮ್ಯೂಸಿಯಂಗಳ ಬಗ್ಗೆ ಹೇಳಿದ್ದು ಮರೆಯಾಯಿತು. ವಸ್ತುಗಳ ಸಂಖ್ಯೆ ಒಂದು ದಾಖಲೆಯಿಂದ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ, ಸಂಗ್ರಹದ ಭೌತಿಕ ಪರಿಶೀಲನೆ ಕ್ರಮವಾಗಿ ನಡೆದಿಲ್ಲ, ಹುದ್ದೆಗಳು ಖಾಲಿ. ಇವು ಬೇಸರ ತರಿಸುವ ವಾಕ್ಯಗಳು. ಬ್ರಿಟಿಷ್ ಮ್ಯೂಸಿಯಂ ಕಳೆದುಕೊಂಡ ವಸ್ತುಗಳು ಸೋರಿಹೋದದ್ದು ಇಂಥ ವಾಕ್ಯಗಳ ಸಂದಿಯಿಂದಲೇ.

ಭೌತಿಕ ಪರಿಶೀಲನೆಯೆಂದರೆ ದೊಡ್ಡ ವಿದ್ಯೆಯೇನಲ್ಲ. ದಾಖಲಾತಿ ಪುಸ್ತಕ ತೆರೆದು, ಸಂಖ್ಯೆ ಓದಿ, ಆ ವಸ್ತುವನ್ನು ಕಣ್ಣಾರೆ ಕಂಡು ಟಿಕ್ ಹಾಕುವುದು. ಇದು ಯಾಕೆ ನಡೆಯುವುದಿಲ್ಲ ಎಂಬುದಕ್ಕೆ ಕಾರಣ ಸೋಮಾರಿತನ ಮಾತ್ರ ಎಂದುಕೊಳ್ಳುವುದು ತಪ್ಪು. ನಮ್ಮ ಸರ್ಕಾರಿ ಮ್ಯೂಸಿಯಂಗಳಲ್ಲಿ ಸಂಗ್ರಹದ ಚಾರ್ಜ್ ವ್ಯಕ್ತಿಯ ಹೆಸರಿನಲ್ಲಿರುತ್ತದೆ. ನಿವೃತ್ತರಾಗುವವರು ಸಾವಿರಾರು ವಸ್ತುಗಳನ್ನು ಎಣಿಸಿ ಒಪ್ಪಿಸಬೇಕು. ಒಂದು ನಾಣ್ಯ ಕಡಿಮೆ ಬಂದರೆ, ಅದು ಮೂವತ್ತು ವರ್ಷದ ಹಿಂದೆ ಹೋಗಿದ್ದರೂ, ಎಣಿಸಿದವನ ಕುತ್ತಿಗೆಗೆ ಬರುತ್ತದೆ. ಹಾಗಾಗಿ ಎಣಿಸದೇ ಇರುವುದೇ ಜಾಣತನ, ಬೀರು ತೆರೆಯದೇ ಇರುವುದೇ ಪ್ರಾಮಾಣಿಕತೆ ಎಂಬ ಸ್ಥಿತಿ. ಕೊರತೆ ಹೇಳಿದವನನ್ನು ಶಿಕ್ಷಿಸುವ ವ್ಯವಸ್ಥೆ ಕೊರತೆಯ ಸುದ್ದಿಯನ್ನು ತಾನೇ ತಡೆದುಕೊಳ್ಳುತ್ತದೆ. ಉತ್ತರದಾಯಿತ್ವವನ್ನು ಬಿಗಿ ಮಾಡುತ್ತೇವೆ ಎನ್ನುವವರು ಮೊದಲು ಈ ಗಂಟನ್ನು ಬಿಡಿಸಬೇಕು. ಇಂತಿಷ್ಟು ಅವಧಿಯೊಳಗೆ ಎಣಿಸಿ ವರದಿ ಮಾಡಿದ ಹಳೆಯ ಕೊರತೆಗೆ ವೈಯಕ್ತಿಕ ಹೊಣೆ ಇಲ್ಲ ಎಂದು ಒಮ್ಮೆ ಆದೇಶ ಹೊರಡಿಸಿದರೆ ಎಷ್ಟು ಬೀರುಗಳು ತೆರೆದುಕೊಳ್ಳುತ್ತವೋ!

ಫೋಟೊ ಇಲ್ಲದ ದಾಖಲೆಯಿಂದ ಉಪಯೋಗವೂ ಕಡಿಮೆ. ‘ಕಂಚಿನ ವಿಗ್ರಹ, ಚಿಕ್ಕದು, ಒಂದು’ ಎಂಬ ನಮೂದಿಗೆ ಮಾರುಕಟ್ಟೆಯಲ್ಲಿ ಸಿಗುವ ಯಾವ ಚಿಕ್ಕ ಕಂಚಿನ ವಿಗ್ರಹವೂ ಹೊಂದುತ್ತದೆ. ತಮಿಳುನಾಡಿನ ಶ್ರೀಪುರಂದಾನ್ ದೇವಾಲಯದ ನಟರಾಜ ಕದ್ದು ಸಾಗಿಹೋಗಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಸೇರಿತ್ತು. 2014ರಲ್ಲಿ ಅದು ಮರಳಿ ಬಂದದ್ದಕ್ಕೆ ದೊಡ್ಡ ಆಧಾರವಾದದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆಂದೋ ತೆಗೆದಿಟ್ಟಿದ್ದ ಹಳೆಯ ಛಾಯಾಚಿತ್ರಗಳು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಕ್ರಿ.ಶ. 949ರ ಆತಕೂರಿನ ಶಾಸನಕಲ್ಲಿದೆ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿನ ಕಲ್ಲು. ಅದನ್ನು ಯಾರೂ ಜೇಬಿಗೆ ಹಾಕಿಕೊಂಡು ಹೋಗಲಾರರು. ಆದರೆ 1865ರಲ್ಲಿ ಆರಂಭವಾದ ಇಂಥ ಸಂಸ್ಥೆಗಳಲ್ಲಿ ಜೇಬಿಗೆ ಹಿಡಿಯುವ ವಸ್ತುಗಳೂ ಇರುತ್ತವೆ. ಅವುಗಳನ್ನು ಕಾಯುವುದು ಬೀಗಕ್ಕಿಂತ ಹೆಚ್ಚಾಗಿ ಪುಸ್ತಕ.

ಬೀಗದ ಮಾತು ಬಂತು. ಕೆಲವು ವರ್ಷಗಳ ಹಿಂದೆ ಒಂದು ಜಿಲ್ಲಾ ಕೇಂದ್ರದ ಮ್ಯೂಸಿಯಂಗೆ ಹೋಗಿದ್ದೆ. ಎರಡನೆಯ ಕೋಣೆಯಲ್ಲಿ ಗೋಡೆಗೆ ತೂಗಿದ್ದ ಕೆಂಪು ಸಿಲಿಂಡರ್ ಮೇಲೆ ಮತ್ತೆ ತುಂಬಿಸಬೇಕಾದ ದಿನಾಂಕದ ಚೀಟಿ ಇತ್ತು, ಆ ದಿನಾಂಕ ಮೂರು ವರ್ಷ ಹಳೆಯದು. ‘ತುರ್ತು ನಿರ್ಗಮನ’ ಎಂದು ಅಚ್ಚುಕಟ್ಟಾಗಿ ಬರೆದ ಬಾಗಿಲಿಗೆ ಹೊರಗಿನಿಂದ ಬೀಗ. ಯಾಕೆಂದು ಕೇಳಿದೆ. ‘ಕಳ್ಳಕಾಕರ ಭಯ ಸಾರ್, ವಿಗ್ರಹ ಇವೆಯಲ್ಲ’ ಎಂದರು ಪರಿಚಾರಕರು. ಬೀಗದ ಕೈ ಯಾರ ಬಳಿ ಇದೆ ಎಂದೆ. ಸಾಹೇಬರ ಬಳಿ. ಸಾಹೇಬರು ಅಂದು ರಜೆಯಲ್ಲಿದ್ದರು. ಆ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಅರುವತ್ತು ಮಕ್ಕಳಾದರೂ ಇದ್ದರು.

ಪರಿಚಾರಕರನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರು ಹೇಳಿದ್ದರಲ್ಲಿ ಮ್ಯೂಸಿಯಂ ಸುರಕ್ಷತೆಯ ಮೂಲ ಬಿಕ್ಕಟ್ಟೇ ಇದೆ. ವಸ್ತುಗಳಿಗಾಗಿ ಬಾಗಿಲು ಮುಚ್ಚಿರಬೇಕು, ಜನರಿಗಾಗಿ ತೆರೆದಿರಬೇಕು. ಇದಕ್ಕೆ ಪರಿಹಾರ ಇಲ್ಲದೇ ಇಲ್ಲ. ಒಳಗಿನಿಂದ ಅಡ್ಡಪಟ್ಟಿ ಒತ್ತಿದರೆ ತೆರೆಯುವ, ತೆರೆದೊಡನೆ ಗಂಟೆ ಬಡಿಯುವ, ಹೊರಗಿನಿಂದ ತೆರೆಯಲಾಗದ ಬಾಗಿಲುಗಳು ಸಿನಿಮಾ ಮಂದಿರಗಳಲ್ಲೂ ಇವೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಮ್ಯೂಸಿಯಂಗಳನ್ನು ಸೇರಿಸಿರುವುದೂ ಚಿತ್ರಮಂದಿರಗಳ ಜೊತೆಗೇ, ಜನ ಸೇರುವ ಕಟ್ಟಡಗಳ ವರ್ಗಕ್ಕೆ. ಬೆಂಕಿ ನಂದಿಸುವ ವಿಷಯದಲ್ಲೂ ಇಂಥದೇ ಇಕ್ಕಟ್ಟಿದೆ. ಚಾವಣಿಯ ನೀರಿನ ಸಿಂಪಡಕ ಎಂದರೆ ಮ್ಯೂಸಿಯಂನವರು ಬೆಚ್ಚುತ್ತಾರೆ, ಒಂದು ಕಿಡಿಗೆ ಇಡೀ ಸಭಾಂಗಣ ತೊಯ್ದುಹೋಗುತ್ತದೆ ಎಂದು. ವಾಸ್ತವವಾಗಿ ಸಾಮಾನ್ಯ ಸಿಂಪಡಕದ ಪ್ರತಿಯೊಂದು ಮೂತಿಯೂ ತನ್ನ ಸುತ್ತಲಿನ ಬಿಸಿಗೆ ತಾನಷ್ಟೇ ತೆರೆಯುತ್ತದೆ. ಎಲ್ಲವೂ ಒಟ್ಟಿಗೆ ಸುರಿಯುವುದು ಸಿನಿಮಾದಲ್ಲಿ ಮಾತ್ರ. ತೊಯ್ದ ಪುಸ್ತಕವನ್ನು ಒಣಗಿಸಬಹುದು, ಬೂದಿಯನ್ನು ಓದಲಾಗದು. ಇಂಗಾಲದ ಡೈಆಕ್ಸೈಡ್‌ನಂಥ ಅನಿಲ ವ್ಯವಸ್ಥೆ ವಸ್ತುಗಳಿಗೆ ಹಿತ, ಆದರೆ ಒಳಗೆ ಜನರಿದ್ದರೆ ಉಸಿರು ಕಟ್ಟಿಸುತ್ತದೆ. ಅದು ಉಗ್ರಾಣಕ್ಕೆ ಸರಿ, ಮಕ್ಕಳು ಓಡಾಡುವ ಗ್ಯಾಲರಿಗಲ್ಲ. ಯಾವ ಕೋಣೆಗೆ ಯಾವುದು ಎಂದು ತೀರ್ಮಾನಿಸಿ ಸಹಿ ಹಾಕುವ ಒಬ್ಬ ಜವಾಬ್ದಾರ ವ್ಯಕ್ತಿ ಬೇಕು. ಹೆಚ್ಚಿನ ಕಡೆ ಇಲ್ಲದಿರುವುದು ಆ ಸಹಿ.

ಖಾಸಗಿಯವರಿಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಮಾತೂ ಆಗಾಗ ಬರುತ್ತದೆ. 2015ರಲ್ಲಿ ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯನ್ನು ದತ್ತು ಯೋಜನೆಯ ಹೆಸರಿನಲ್ಲಿ ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಒಪ್ಪಂದ ಆದಾಗ ಕಲಾವಿದರು ಬೀದಿಗಿಳಿದರು. ಪ್ರತಿಷ್ಠಾನದ ಶಕ್ತಿ, ಉದ್ದೇಶಗಳಿಗಿಂತ ಅವರನ್ನು ಕೆರಳಿಸಿದ್ದು, ಸಾರ್ವಜನಿಕ ಸಂಸ್ಥೆಯ ಭವಿಷ್ಯ ಸಾರ್ವಜನಿಕರಿಗೆ ತಿಳಿಯದೆ ನಿರ್ಧಾರವಾದದ್ದು. ಚಿತ್ರಶಾಲೆಯ ಸ್ಥಿತಿ ಚೆನ್ನಾಗಿತ್ತೆಂದು ಅವರಲ್ಲಿ ಯಾರೂ ವಾದಿಸಲಿಲ್ಲ. ಸರ್ಕಾರ ನಡೆಸಲಿ, ಟ್ರಸ್ಟ್ ನಡೆಸಲಿ, ಆಮೇಲಿನ ಪ್ರಶ್ನೆಗಳು ಅವೇ. ಮಂಡಳಿಯ ನಡಾವಳಿ ಎಲ್ಲಿ ಸಿಗುತ್ತದೆ? ತಪಾಸಣಾ ವರದಿಗೆ ಉತ್ತರ ಕೊಟ್ಟವರು ಯಾರು?

ಇದನ್ನು ಕೇಳುವ ಸಾಧನ ನಮ್ಮ ಕೈಯಲ್ಲಿದೆ. ಸರ್ಕಾರಿ ಮ್ಯೂಸಿಯಂಗಳೆಲ್ಲ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಲ್ಲಿವೆ. ಕಾಯ್ದೆಯ ನಾಲ್ಕನೆಯ ಕಲಂ ಪ್ರಕಾರ ತಮ್ಮ ರಚನೆ, ಅಧಿಕಾರ, ಬಜೆಟ್, ಮಂಡಳಿಗಳ ವಿವರವನ್ನು ಯಾರೂ ಕೇಳದಿದ್ದರೂ ಪ್ರಕಟಿಸಬೇಕು. ಕ್ಯಾಮೆರಾ ಎಲ್ಲೆಲ್ಲಿದೆ ಎಂದು ಕೇಳಿದರೆ ಭದ್ರತೆಯ ಕಾರಣ ಕೊಟ್ಟು ನಿರಾಕರಿಸಬಹುದು, ಅದು ನ್ಯಾಯವೂ ಹೌದು. ಆದರೆ ಕೊನೆಯ ಭೌತಿಕ ಪರಿಶೀಲನೆ ಯಾವ ವರ್ಷ ಮುಗಿಯಿತು, ಅಗ್ನಿಶಾಮಕ ಇಲಾಖೆಯ ಪ್ರಮಾಣಪತ್ರ ಯಾವ ತಾರೀಖಿನವರೆಗೆ ಚಾಲ್ತಿಯಲ್ಲಿದೆ, ಜನರನ್ನು ಹೊರಗೆ ಕಳಿಸುವ ಅಣಕು ಕಾರ್ಯಾಚರಣೆ ಕೊನೆಯದಾಗಿ ಎಂದು ನಡೆಯಿತು ಎಂಬುದರಲ್ಲಿ ಕಳ್ಳನಿಗೆ ಉಪಯೋಗವಾಗುವಂಥದು ಏನೂ ಇಲ್ಲ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಶಾಲೆಗಳು ಹೊರಡುವ ಮೊದಲು ಈ ಮೂರು ದಿನಾಂಕಗಳನ್ನು ಪತ್ರ ಬರೆದು ಕೇಳತೊಡಗಿದರೆ ಸಾಕು, ಮೇಲಧಿಕಾರಿಗಳ ಸುತ್ತೋಲೆಗಿಂತ ಬೇಗ ಕೆಲಸವಾದೀತು.

ಲೂವ್ರ್‌ನಲ್ಲಿ 2026ರ ಜನವರಿ 14ರಿಂದ ಭಾರತದಂಥ ಹೊರ ದೇಶಗಳಿಂದ ಹೋಗುವವರ ಟಿಕೆಟ್ 22ರಿಂದ 32 ಯೂರೊಗೆ ಏರಿದೆ. ಕಟ್ಟಡದ ದುರಸ್ತಿಗೆ ಹಣ ಬೇಕು ಎನ್ನುವುದು ಕೊಟ್ಟ ಕಾರಣ. ದಿಲ್ಲಿಯ ರಾಷ್ಟ್ರೀಯ ಮ್ಯೂಸಿಯಂನಲ್ಲಿ ನಮಗೆ 20 ರೂಪಾಯಿ, ವಿದೇಶಿಯರಿಗೆ 650. ದರ ಯಾವುದೇ ಇರಲಿ, ಬಾಗಿಲ ಬಳಿಯ ಫಲಕ ಮಾತ್ರ ಎಲ್ಲೆಡೆ ಒಂದೇ ಬಗೆಯದು. ಮುಟ್ಟಬಾರದು, ತಿನ್ನಬಾರದು, ಗಲಾಟೆ ಮಾಡಬಾರದು, ಚೀಲ ಒಳಗೆ ತರಬಾರದು. ಎಲ್ಲವೂ ಬಂದವರು ಪಾಲಿಸಬೇಕಾದದ್ದು. ಅದರ ಕೆಳಗೆ ಸಾಮಾನ್ಯವಾಗಿ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಇರುತ್ತದೆ. ಆ ಮೂರು ದಿನಾಂಕಗಳನ್ನು ಬರೆಯಲು ಅಷ್ಟು ಜಾಗ ಸಾಕು.